ಇರುವೆ ಕಚ್ಚಿದ ಹಾಗೆ

"ಮೂರು ಹೆತ್ತೋಳು ನೀನು, ಇಷ್ಟಕ್ಕೆಲ್ಲ ಬೊಬ್ಬೆ ಹೊಡೀತೀಯಲ್ಲೇ. ಬಾಯ್ಮುಚ್ಕೊಂಡು ಮಲ್ಕೋ," ಎಂದು ಡಾಕ್ಟರು ಗಾರೆ ಕೆಲಸದವಳ ಎರಡು ಮಂಡಿಗಳ ನಡುವಿನಿಂದ ಗದರಿದರು.

ಇಕ್ಕಳ ತಗುಲಿದ ಕೂಡಲೇ ಅವಳ ಕಾಲು ತಾನಾಗಿಯೇ ಹಾರಿ, ಸಾಮಾನಿನ ತಟ್ಟೆಯನ್ನು ಗೋಡೆಗೆ ಕಳಿಸಿತ್ತು. ಚೆಲ್ಲಿದ್ದನ್ನು ಆರಿಸುತ್ತಿದ್ದ ನರ್ಸಮ್ಮ, ಇಂಥ ಮುಂಡೇವನ್ನೆಲ್ಲ ಕಟ್ಟಿಹಾಕಿಯೇ ಮಾಡಬೇಕು ಎಂದು ಗೊಣಗಿದಳು.

ಗಾರೆಯವಳು ಆಸ್ಪತ್ರೆಗೆ ಸುಮ್ಮನೆ ಬಂದವಳಲ್ಲ. ತಿಂಗಳುಗಟ್ಟಲೆ ರಕ್ತ ನಿಂತಿರಲಿಲ್ಲ; ಗಾರೆಯ ಬಾಂಡಲಿ ತಲೆಯ ಮೇಲಿಟ್ಟು ಏಣಿ ಹತ್ತುವಾಗ ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಗರ್ಭಚೀಲದ ಒಳಗಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು, ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೆ, ಎಂದಿದ್ದರು ಡಾಕ್ಟರು.

"ಸಾರ್, ನಿಮ್ಮ ಇರುವೆ ಕೋಣದಷ್ಟಿದೆ," ಎಂದಳು ಅವಳು. "ಮರಗಟ್ಟಿಸೋ ಸೂಜಿ ಇದ್ರೆ ಹಾಕಿ."

ಅದೆಲ್ಲ ಇಲ್ಲಿಲ್ಲ ಎಂದರು ಡಾಕ್ಟರು. ಅದು ದುಡ್ಡು ಕೊಡುವ ಮೇಲಿನ ಮಹಡಿಯವರಿಗೆ ಎಂದು ನರ್ಸಮ್ಮ ಬಾಯಿ ಜಾರಿ ಅಂದುಬಿಟ್ಟಳು. ಅವಳನ್ನು ದುರುಗುಟ್ಟಿ ನೋಡಿದ ಡಾಕ್ಟರು, ಮೇಲಿನವರು ನಾಜೂಕು ಹೆಂಗಸರು ಎಂದು ತಿಳಿಹೇಳಿದರು.

"ನಿಂದು ಕಲ್ಲು ಹೊತ್ತ ಮೈ. ನಿಮ್ಮಂಥೋರಿಗೆ ನೋವು ಅಷ್ಟಾಗಿ ಗೊತ್ತಾಗಲ್ಲ."

ಹೇಳಿದವರೇ ಮತ್ತೆ ಇಕ್ಕಳ ತೂರಿಸಿದರು. ಹೊಟ್ಟೆಯೊಳಗಿನದೆಲ್ಲ ಬುಡಸಮೇತ ಕಿತ್ತುಬಂದಂತಾಗಿ ಗಾರೆಯವಳು ಅರ್ಧ ಎದ್ದು ಆಸರೆಗೆ ಕೈಚಾಚಿದಳು. ಸಿಕ್ಕಿದ್ದು ಡಾಕ್ಟರ ಕಿವಿ. ಕಬ್ಬಿಣದ ಸರಳು ಬಗ್ಗಿಸುವ ಕೈ ಅದು.

"ಬಿಡೇ ಬೇವರ್ಸಿ, ಬಿಡು, ಅಯ್ಯೋ ಅಮ್ಮಾ..."

"ನೀವು ಮೊದ್ಲು ತೆಗೀರಿ ಸಾರ್, ಆಮೇಲೆ ನಾನು ಬಿಡ್ತೀನಿ."

ನರ್ಸಮ್ಮ ಗೋಡೆಯ ಕಡೆ ತಿರುಗಿ ನಿಂತಳು. ಭುಜ ಮಾತ್ರ ಕುಲುಕುತ್ತಿತ್ತು. ಇಕ್ಕಳ ಹೊರಬಂತು, ಚೂರು ಬರಲಿಲ್ಲ. ಬದುಕಬೇಕಿದ್ದರೆ ಬೇರೆ ಕಡೆ ನೋಡಿಕೋ ಎಂದು ಡಾಕ್ಟರು ಬಾಗಿಲು ತೋರಿಸಿದರು.

ಬೇರೆ ಕಡೆ ಎಂಬುದು ಅವಳಿಗಿರಲಿಲ್ಲ. ಗೋಡೆ ಹಿಡಿದು ಹೊರಬಂದು ಬೆಂಚಿನ ಮೇಲೆ ಕೂತಳು. ಸರದಿಯಲ್ಲಿದ್ದ ಹೆಂಗಸರು ಹೇಗಾಯಿತೆಂದು ಮೆಲ್ಲಗೆ ವಿಚಾರಿಸಿದರು. ಒಳಹೋಗಿ ಬಂದವರೆಲ್ಲ ಕಣ್ಣೊರೆಸಿಕೊಂಡು ಏನಿಲ್ಲ ಎಂದು ಹೊರಟುಬಿಡುವುದೇ ಅಲ್ಲಿನ ರೂಢಿ. ಮೊದಲೇ ಇಲ್ಲಿಗೆ ಬಂದುಹೋಗಿದ್ದ ಗಾರೆಯವಳ ಅತ್ತಿಗೆಯೂ ಏನಿಲ್ಲ ಎಂದೇ ಹೇಳಿ ಅವಳನ್ನು ಕಳಿಸಿದ್ದಳು. ಗಾರೆಯವಳು ಮಾತ್ರ ಎಲ್ಲಿ, ಹೇಗೆ, ಎಷ್ಟು ಎಂದು ಕೈಸನ್ನೆ ಸಮೇತ ಬಿಡಿಸಿ ಹೇಳಿದಳು; ಮೇಲಿನ ಮಹಡಿಯ ಸೂಜಿಯ ಮಾತನ್ನೂ ಬಿಡಲಿಲ್ಲ. ಕಿವಿಯ ಸುದ್ದಿ ಬಂದಾಗ ಬೆಂಚೇ ಅಲ್ಲಾಡುವಂತೆ ನಗೆಯೆದ್ದಿತು. ಸರದಿಯಲ್ಲಿದ್ದ ತರಕಾರಿ ಮಾರುವ ಮುದುಕಿಯೊಬ್ಬಳು ಕೂಡ ನಕ್ಕಳು. ನಗುತ್ತಲೇ, ಹೋದ ಸಲ ತಾನು ನೋವಿಗೆ ಒಳಗಿನ ಮೇಜಿನ ಮೇಲೆ ಉಚ್ಚೆ ಹೊಯ್ದುಕೊಂಡಿದ್ದನ್ನು ಹೇಳಲು ಹೋಗಿ ಅತ್ತುಬಿಟ್ಟಳು.

ನರ್ಸಮ್ಮ ಬಾಗಿಲಿಗೆ ಬಂದು ಮುಂದಿನವರನ್ನು ಕರೆದಳು. ಯಾರೂ ಏಳಲಿಲ್ಲ. ಮತ್ತೆ ಕರೆದಳು. ಮುದುಕಿ ಮೂಗು ಒರೆಸಿಕೊಂಡಳು.

"ಸೂಜಿ ಮೇಲಿಂದ ಕೆಳಗಿಳೀಲಿ ಕಣಮ್ಮ. ಆಮೇಲೆ ನಾವು ಕಾಲು ಅಗಲಿಸ್ತೀವಿ."

ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಗಟ್ಟಿಯಾಗಿ ಕೂತರು. ನಡುವೆ ಗಾರೆಯವಳ ಬಟ್ಟೆಯಡಿಯಿಂದ ರಕ್ತ ಬೆಂಚಿನ ಅಂಚಿಗೆ ಇಳಿದು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಅದನ್ನು ನೋಡಿಯೂ ಅವಳು ಕದಲಲಿಲ್ಲ.