ಮೂರು ವಾರ ಮೊದಲ ಸ್ಥಾನ

ಪುಸ್ತಕದಂಗಡಿಯಲ್ಲಿ ಆಕೆಯನ್ನು ಎಲ್ಲರೂ ಪಟ್ಟಿಯಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿ ಮಾರಾಟಕ್ಕಿಟ್ಟ ಪ್ರತಿಯೊಂದು ಪುಸ್ತಕದೊಳಗೂ ಅದರ ಹೆಸರು ಬರೆದ ಹಳದಿ ಚೀಟಿಯೊಂದು ಇರುತ್ತಿತ್ತು. ಪುಸ್ತಕ ಮಾರಿಹೋದಾಗ ಬಿಲ್ಲಿನವನು ಚೀಟಿ ಎಳೆದು ಬಾಗಿಲ ಪಕ್ಕದ ತಗಡಿನ ಡಬ್ಬಕ್ಕೆ ಹಾಕುತ್ತಿದ್ದ. ಶನಿವಾರ ಮಧ್ಯಾಹ್ನ ಪಟ್ಟಿಯಮ್ಮ ಡಬ್ಬವನ್ನು ಬೋರಲು ಹಾಕಿ, ಕಥೆ ಕಾದಂಬರಿಯ ಚೀಟಿಗಳನ್ನು ಒಂದು ಕಡೆ, ಮಿಕ್ಕವನ್ನು ಇನ್ನೊಂದು ಕಡೆ ವಿಂಗಡಿಸಿ, ಹೆಚ್ಚು ಮಾರಾಟವಾದ ಹತ್ತು ಹತ್ತು ಪುಸ್ತಕಗಳ ಎರಡು ಪಟ್ಟಿ ಮಾಡಿ ಪತ್ರಿಕೆಗೆ ಕಳಿಸುತ್ತಿದ್ದಳು. ಭಾನುವಾರ ಅದು ಅಚ್ಚಾಗುತ್ತಿತ್ತು. ಓದುವವರು ಅದನ್ನು ನೋಡಿ ಪುಸ್ತಕ ಕೊಳ್ಳುತ್ತಿದ್ದರು. ಪ್ರಕಾಶಕರು ಅದನ್ನು ನೋಡಿ ಮರುಮುದ್ರಣಕ್ಕೆ ಕೈ ಹಾಕುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಎಣಿಕೆ ತಪ್ಪಿರಲಿಲ್ಲ. ತಮ್ಮ ಪುಸ್ತಕವನ್ನು ಒಂದೇ ಒಂದು ಮೆಟ್ಟಿಲು ಮೇಲೇರಿಸಿ ಎಂದು ಸಿಹಿಯ ಪೊಟ್ಟಣ ಹಿಡಿದು ಬಂದ ಲೇಖಕರೊಬ್ಬರನ್ನು ಆಕೆ ಪೊಟ್ಟಣದ ಸಮೇತ ಹೊರಗೆ ಕಳಿಸಿದ್ದುಂಟು.

ಆ ವರ್ಷ ಅತ್ತೆ ತೀರಿಕೊಂಡ ಮೇಲೆ ಮಾವ ಅಂಗಡಿಗೆ ಬರತೊಡಗಿದರು. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದ ಮನುಷ್ಯ. ಮನೆಯಲ್ಲಿದ್ದರೆ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿದ್ದ ದೇವರ ಪದ್ಯಗಳನ್ನು ಹೇಳಿಕೊಳ್ಳುತ್ತಾ ಕೋಣೆಯಿಂದ ಕೋಣೆಗೆ ಓಡಾಡುವರು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುವ ಮಗನಿಗೆ ಪದ್ಯದ ಮೇಲೆ ಭಕ್ತಿಯಿದ್ದರೂ ನಿದ್ದೆಯ ಮೇಲೆ ಆಸೆ ಹೆಚ್ಚು. ಪಟ್ಟಿಯಮ್ಮ ಅಂಗಡಿಯ ಯಜಮಾನರನ್ನು ಕೇಳಿದಳು. ಅವರು ಮೂಲೆಯಲ್ಲೊಂದು ಕುರ್ಚಿ ಹಾಕಿಸಿಕೊಟ್ಟರು.

ಕುರ್ಚಿಯ ಪಕ್ಕದಲ್ಲಿ ಯಾರೂ ಮುಟ್ಟದ ಪುಸ್ತಕವೊಂದರ ನಲವತ್ತು ಪ್ರತಿಗಳು ಸೊಂಟದೆತ್ತರಕ್ಕೆ ನಿಂತಿದ್ದವು. ಸೇತುವೆಗಳು ಹೇಗೆ ನಿಲ್ಲುತ್ತವೆ ಎಂಬುದರ ಮೇಲೆ ನಿವೃತ್ತ ಇಂಜಿನಿಯರೊಬ್ಬರು ಬರೆದದ್ದು. ದಿನಕ್ಕೆ ಎಂಟು ಸಲ ಸೇತುವೆ ದಾಟಿದ ಮಾವನಿಗೆ ಅದು ಹೇಗೆ ನಿಂತಿತ್ತೆಂದು ಈಗ ತಿಳಿಯುವ ಪುರುಸೊತ್ತು ಸಿಕ್ಕಿತು.

ಒಂದು ಶನಿವಾರ ಸೇತುವೆ ಪುಸ್ತಕದ ಹನ್ನೆರಡು ಚೀಟಿ ಬಂದವು. ವರ್ಷದಿಂದ ಮೊದಲ ಸ್ಥಾನದಲ್ಲಿ ಗಟ್ಟಿಯಾಗಿ ಕೂತಿದ್ದ, ನಸುಕಿನಲ್ಲಿ ಎದ್ದು ಜೀವನದಲ್ಲಿ ಮುಂದೆ ಬರುವುದು ಹೇಗೆಂದು ಹೇಳುವ ಪುಸ್ತಕಕ್ಕೆ ಹತ್ತು.

"ಏನು ಪಟ್ಟಿಯಮ್ಮ, ಬೇಗ ಏಳೋ ಪುಸ್ತಕ ಹಿಂದೆ ಬಿತ್ತಲ್ಲ. ಈ ವಾರ ತಡವಾಗಿ ಎದ್ದಿರಬೇಕು," ಎಂದ ಬಿಲ್ಲಿನವನು.

"ನೀನೇ ಅಲ್ವಾ ಚೀಟಿ ಹಾಕಿದ್ದು?"

"ದಿನಕ್ಕೆ ಇನ್ನೂರು ಹಾಕ್ತೀನಿ. ಯಾವುದರ ಮುಖ ಅಂತ ನೆನಪಿಟ್ಕೊಳ್ಳಲಿ?"

ಮುಂದಿನ ವಾರವೂ ಹನ್ನೆರಡು. ಮೂರನೇ ವಾರ ಹದಿನಾಲ್ಕು. ಟೀಚರೊಬ್ಬರು ಪತ್ರಿಕೆ ನೋಡಿಯೇ ಒಂದು ಪ್ರತಿ ಕೊಂಡಿದ್ದರು. "ಮೊದಲ ಸ್ಥಾನ ಅಂತ ತಗೊಂಡೆ ಕಣ್ರೀ. ಮೂರನೇ ಪುಟಕ್ಕೇ ಒಳ್ಳೇ ನಿದ್ದೆ," ಎಂದು ಹೇಳಿಹೋದರು.

ಸೋಮವಾರ ಬೆಳಿಗ್ಗೆ ಬಾಗಿಲು ತೆಗೆಯುವಷ್ಟರಲ್ಲೇ ಪ್ರಕಾಶಕರ ಫೋನು. ದನಿಯಲ್ಲಿ ಹಿಗ್ಗು. "ನಾಳೆ ಎರಡು ಸಾವಿರ ಪ್ರತಿ ಅಚ್ಚಿಗೆ ಹಾಕ್ತಾ ಇದ್ದೀವಿ ತಾಯಿ. ಇಂಜಿನಿಯರು ಫೋನಲ್ಲೇ ಅತ್ತುಬಿಟ್ರು. ನಿಮ್ಮಲ್ಲಿ ಇನ್ನೆಷ್ಟು ಉಳಿದಿದೆ?"

ಮೂರು ವಾರದ್ದು ಮೂವತ್ತೆಂಟು ಚೀಟಿ. ಉಳಿಯಬೇಕಾದದ್ದು ಎರಡು ಪ್ರತಿ. ನೋಡಿ ಹೇಳುತ್ತೇನೆಂದು ಆಕೆ ಮೂಲೆಗೆ ಹೋದಳು. ರಾಶಿ ಸೊಂಟದೆತ್ತರಕ್ಕೆ ಹಾಗೆಯೇ ಇತ್ತು. ಮಾವ ಬಗ್ಗಿ ಒಂದು ಪ್ರತಿ ಎತ್ತಿಕೊಂಡು, ಹಳದಿ ಚೀಟಿ ಎಳೆದು, ನೆಟ್ಟಗೆ ಬಾಗಿಲವರೆಗೆ ನಡೆದು ಅದನ್ನು ಡಬ್ಬಕ್ಕೆ ಹಾಕಿ, ತಿರುಗಿ ಬಂದು ಕುರ್ಚಿಯಲ್ಲಿ ಕೂತು ಕನ್ನಡಕ ಏರಿಸಿದರು.

ಪಟ್ಟಿಯಮ್ಮ ಅವರ ಎದುರಿಗೆ ಬಂದು ನಿಂತಳು.

"ಮಾವ, ಆ ಚೀಟಿ ಯಾಕೆ ಡಬ್ಬಕ್ಕೆ ಹಾಕಿದ್ರಿ?"

"ಓದ್ತೀನಲ್ಲಮ್ಮ. ಟಿಕೆಟ್ ಇಲ್ಲದೆ ಕೂತ್ಕೊಳ್ಳೋದಾ?"

"ದಿನಾ ಹಾಕ್ತೀರಾ?"

"ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಊಟಕ್ಕೆ ಎದ್ದರೆ ಇಳಿದ ಹಾಗೇ ತಾನೆ? ಅದೇ ಟಿಕೆಟಲ್ಲಿ ಮತ್ತೆ ಹತ್ತೋಕಾಗುತ್ತಾ? ಚೀಟಿ ತೆಗೆದ ಪ್ರತೀನ ಅಡಿಗೆ ಇಡ್ತೀನಿ, ಆಮೇಲೆ ಚೀಟಿ ಇರೋದು ತಗೋತೀನಿ. ಪುಟ ನೆನಪಿರುತ್ತೆ."

ಆಕೆ ರಾಶಿಯನ್ನು ಎಣಿಸಿದಳು. ಮಾವನ ಕೈಯಲ್ಲಿದ್ದದ್ದೂ ಸೇರಿ ಮೂವತ್ತೆಂಟು. ನಿಜವಾಗಿ ಮಾರಿದ್ದು ಎರಡೇ.

ಸುಮ್ಮನಿದ್ದುಬಿಡಬಹುದಿತ್ತು. ಹೊಸ ಚೀಟಿ ಬರೆದು ಪುಸ್ತಕಗಳೊಳಗೆ ಇಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾಳೆ ಎರಡು ಸಾವಿರ ಪ್ರತಿ ಅಚ್ಚಾಗಿ ಇನ್ನಷ್ಟು ಮೂಲೆಗಳಲ್ಲಿ ರಾಶಿ ಬೀಳುತ್ತದೆ. ಹೇಳಿದರೋ, ಪಟ್ಟಿಯೆಂದರೆ ಪ್ರಾಣ ಬಿಡುವ ಯಜಮಾನರು ಮೊದಲು ಎತ್ತಿಸುವುದು ಆ ಕುರ್ಚಿಯನ್ನು. ಆಮೇಲೆ ಮಾವ ಹಗಲೆಲ್ಲ ಎಲ್ಲಿ ಕೂರಬೇಕು?

ಸೊಸೆಯ ಮುಖ ನೋಡಿ ಮಾವ ಪುಸ್ತಕ ಮಡಚಿದರು. ಆಕೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಕನ್ನಡಕ ತೆಗೆದು ಜೇಬಿಗಿಟ್ಟರು.

"ತಪ್ಪು ಟಿಕೆಟ್ ಹರಿದಿದ್ದು ಗೊತ್ತಾದರೆ ಚೆಕಿಂಗ್‌ನವರು ಹತ್ತೋವರೆಗೂ ಕಾಯಬಾರದು," ಎಂದರು ಕೊನೆಗೆ. "ನೀನು ಆ ಫೋನು ಮಾಡು. ಯಜಮಾನರಿಗೆ ನಾನೇ ಹೇಳ್ತೀನಿ."

ಆಕೆ ಹೇಳಿದ್ದನ್ನು ಕೇಳಿ ಪ್ರಕಾಶಕರು ಅಚ್ಚು ನಿಲ್ಲಿಸಲು ಪಕ್ಕದವರಿಗೆ ಕೂಗಿ ಹೇಳಿದರು. "ಇಂಜಿನಿಯರಿಗೆ ಏನಂತ ಹೇಳಲಿ?" ಎಂದರು.

"ಒಬ್ಬರು ಮೂರು ವಾರದಿಂದ ಬೇರೇನೂ ಓದದೆ ಅದನ್ನೇ ಓದ್ತಿದ್ದಾರೆ ಅಂತ ಹೇಳಿ ಸಾರ್. ಅದು ಸುಳ್ಳಲ್ಲ."

ಒಳಕೋಣೆಯಲ್ಲಿ ಮಾವ ಕೈಕಟ್ಟಿ ನಿಂತು ವರದಿ ಒಪ್ಪಿಸಿದರು. ಯಜಮಾನರ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಮೇಜಿನ ಮೇಲಿದ್ದ ಪತ್ರಿಕೆಯನ್ನು ಎರಡು ಸಲ ಮಡಚಿದರು, ಎರಡು ಸಲ ಬಿಚ್ಚಿದರು.

"ಹದಿನಾಲ್ಕು ವರ್ಷದ ಹೆಸರು ಕಂಡಕ್ಟ್ರೇ. ಮೂರು ವಾರದಲ್ಲಿ ನೀರಲ್ಲಿ ಹೋಮ."

"ಹೌದು ಸ್ವಾಮಿ."

"ಬೇರೆ ಯಾರಾದರೂ ಆಗಿದ್ದರೆ ಬೇಕಂತಲೇ ಮಾಡಿದ್ದು ಅಂತಿದ್ದೆ."

"ಹಾಗೆ ಅಂದರೂ ಸರಿಯೇ. ಸೊಸೆಗೆ ಏನೂ ಗೊತ್ತಿಲ್ಲ, ಅದೊಂದು ನಂಬಿ."

ಯಜಮಾನರು ಪಟ್ಟಿಯಮ್ಮನ ಕಡೆ ತಿರುಗಿದರು. "ಭಾನುವಾರ ತಪ್ಪೊಪ್ಪಿಗೆ ಅಚ್ಚಾಗಲಿ. ಮೂರೂ ವಾರದ್ದು ತಿದ್ದಿ ಕಳಿಸು. ಕುರ್ಚಿ ಇರಲಿ. ಚೀಟಿಗೆ ಮಾತ್ರ ಇವರು ಕೈ ಹಚ್ಚಬಾರದು."

ಭಾನುವಾರ ತಪ್ಪೊಪ್ಪಿಗೆ ಅಚ್ಚಾಯಿತು. ಬೇಗ ಏಳುವ ಪುಸ್ತಕ ತನ್ನ ಜಾಗಕ್ಕೆ ಮರಳಿತು. ಅಂಗಡಿಗೆ ಬಂದ ಕೆಲವರು ಮೂಲೆಯ ಕಡೆ ನೋಡಿ ನಕ್ಕರು. ಒಂದಿಬ್ಬರು ಇನ್ನು ಈ ಪಟ್ಟಿಯನ್ನು ಹೇಗೆ ನಂಬುವುದು ಎಂದು ಕೇಳಿಯೂ ಕೇಳಿದರು. ಪಟ್ಟಿಯಮ್ಮ ಅದನ್ನು ನುಂಗಿಕೊಂಡಳು.

ಅದು ಹೇಗೋ ಅರಗಿತು. ಆಕೆಗೆ ಅರಗದಿದ್ದದ್ದು ಮೂಲೆಯಲ್ಲಿ ಕಾಣುತ್ತಿದ್ದದ್ದು. ಮಾವ ದಿನವೂ ಬರುತ್ತಿದ್ದರು, ಚೀಟಿಯಿಲ್ಲದ ಪ್ರತಿಯೊಂದನ್ನು ಕೈಗೆತ್ತಿಕೊಳ್ಳುತ್ತಿದ್ದರು, ಆದರೆ ಕೂರುತ್ತಿರಲಿಲ್ಲ. ಖಾಲಿ ಕುರ್ಚಿಯ ಪಕ್ಕದಲ್ಲಿ, ಒಂದು ಕೈಯಲ್ಲಿ ಕಪಾಟಿನ ಅಂಚು ಹಿಡಿದು, ನಿಂತೇ ಓದುತ್ತಿದ್ದರು.

"ಕೂತ್ಕೊಳ್ಳಿ ಮಾವ. ಯಜಮಾನರೇ ಹೇಳಿದ್ದಾರಲ್ಲ."

"ಅವರ ದೊಡ್ಡತನ ಅದು. ಇರಲಿ ಬಿಡು, ನಿಂತು ಅಭ್ಯಾಸ ಇದೆ."

ಗುರುವಾರದ ಹೊತ್ತಿಗೆ ಅವರ ಪಾದ ಊದಿತ್ತು. ಶುಕ್ರವಾರ ಬೆಳಿಗ್ಗೆ ಪಟ್ಟಿಯಮ್ಮ ರಾಶಿಯಿಂದ ಚೀಟಿಯಿದ್ದ ಒಂದು ಪ್ರತಿ ಎತ್ತಿ, ಬೇರೆ ಗಿರಾಕಿಗಳ ಹಿಂದೆ ಸಾಲಿನಲ್ಲಿ ನಿಂತಳು. ಬಿಲ್ಲಿನವನು ಕಣ್ಣೆತ್ತಿ ನೋಡಿದ, ಕೀಟಲೆಯ ಮಾತೇನೋ ನಾಲಗೆಯ ತುದಿಗೆ ಬಂದಿತ್ತು, ಅದನ್ನು ಒಳಗೇ ಇಟ್ಟುಕೊಂಡು ಬಿಲ್ಲು ಹರಿದ. ಚೀಟಿ ಎಳೆದು ಡಬ್ಬಕ್ಕೆ ಹಾಕಿದ. ಮೂಲೆಯಲ್ಲಿ ನಿಂತಿದ್ದ ಮಾವ ಅದನ್ನು ನೋಡುತ್ತಿದ್ದರು.

"ಇದು ನಿಮ್ಮದು," ಎಂದು ಆಕೆ ಪುಸ್ತಕ ಕೊಟ್ಟಳು. "ಎಷ್ಟು ಸಲ ಬೇಕಾದರೂ ಹತ್ತಿ ಇಳೀರಿ. ಯಾರೂ ಕೇಳೋ ಹಾಗಿಲ್ಲ."

ಮಾವ ಪುಸ್ತಕದೊಳಗಿದ್ದ ಬಿಲ್ಲನ್ನು ತೆಗೆದು ತಾರೀಕು ನೋಡಿದರು, ಅಂಗಡಿಯ ಮೊಹರು ನೋಡಿದರು, ಅಂಗಿಯ ಜೇಬಿನಲ್ಲಿಟ್ಟುಕೊಂಡರು. ಆಮೇಲೆ ಕುರ್ಚಿಯಲ್ಲಿ ಕೂತರು.

ಶನಿವಾರ ಡಬ್ಬ ಬೋರಲಾಯಿತು. ಸೇತುವೆ ಪುಸ್ತಕದ್ದು ಒಂದು ಚೀಟಿ ಇತ್ತು. ಪಟ್ಟಿಯಮ್ಮ ಎರಡು ಸಲ ಎಣಿಸಿದಳು. ಹತ್ತರೊಳಗೆ ಅದಕ್ಕೆ ಜಾಗವಿರಲಿಲ್ಲ.