ಮದ್ದೂರು ರಸ್ತೇಲಿ ಮದುವೆ ಧರಣಿ

ನಮ್ಮ ಜಿಲ್ಲೇಲಿ ನಾಕು ಜನ ರಸ್ತೇಲಿ ಕೂತ್ರೆ ಅದು ಕಾವೇರಿಗೇ ಅಂತ ಲೆಕ್ಕ. ಬೇರೆ ಯಾತಕ್ಕಾದ್ರೂ ಕೂರಬೋದು ಅನ್ನೋ ಬುದ್ಧಿ ಒಬ್ರಿಗೂ ಇಲ್ಲ. ನನ್ನ ಇಡೀ ಆಯಸ್ಸು ಇದ್ರಲ್ಲೇ ಹಾಳಾಗೋಯ್ತು ಕಣ್ರಪ್ಪ.

ನಾನು ಕೆರಗೋಡಿನ ಇಂದ್ರಮ್ಮ. ನಾನೂ ಶಶಿರೇಖಾನೂ ಮೂವತ್ತು ವರ್ಸದಿಂದ ಒಂದೇ ಮನೇಲಿ ಸಂಸಾರ ಮಾಡ್ತಾ ಇದೀವಿ. ಹೆಣ್ಣು ಹೆಣ್ಣನ್ನ, ಗಂಡು ಗಂಡನ್ನ ಮೆಚ್ಚಿದ್ರೆ ತಪ್ಪಲ್ಲ, ನಮಗೂ ಹಕ್ಕು ಕೊಡಿ ಅಂತ ಬ್ಯಾನರ್ ಹಿಡ್ಕಂಡು ಕೂರೋದೇ ನನ್ನ ಕಸುಬು. ಶಶಿ ಆ ತುದಿ ಹಿಡೀತಾಳೆ. ಆದ್ರೆ ಯಾರಾದ್ರೂ ಕೇಳುದ್ರೆ, "ಇವ್ರು ನಮಗೆ ದೂರದ ನೆಂಟ್ರು" ಅಂತಾಳೆ. ಅದನ್ನ ಕೇಳ್ದಾಗೆಲ್ಲ ನಂಗೆ ಮೈ ಉರಿಯುತ್ತೆ. ಸಾಯೋದ್ರೊಳಗೆ ಒಂದ್ಸಲ ನಾಕು ಜನದ ಎದುರು ಅವಳ ಬಾಯಲ್ಲಿ ನಿಜ ಕೇಳ್ಬೇಕು, ಇನ್ನೇನೂ ಬ್ಯಾಡ ನಂಗೆ.

ಮೊದಮೊದ್ಲು "ಮುನ್ನೂರ ಎಪ್ಪತ್ತೇಳು ಬ್ಯಾಡ" ಅಂತ ಬರ್ಸಿದ್ದೆ. ನಮ್ಮಂತೋರನ್ನ ಅಪರಾಧಿ ಮಾಡಿದ್ದ ಕಾನೂನಿನ ನಂಬರು ಅದು. ಜನ ಟಿಎಂಸಿ ಅಂದ್ಕಂಡ್ರು! "ತಮಿಳುನಾಡಿಗೆ ಅಷ್ಟೊಂದು ನೀರಾ? ಬುಡಕೂಡ್ದು" ಅಂತ ಖಾಲಿ ಕೊಡ ಹಿಡ್ಕಂಡು ಬಂದು ಪಕ್ಕದಲ್ಲೇ ಕೂತ್ಕಂಡ್ರು. ಬಣ್ಣಬಣ್ಣದ ಬಾವುಟ ಬಿಚ್ಚಿದ್ರೆ ಅವ್ರ ಕಣ್ಣಿಗೆ ಬೀಳೋದು ಹಸಿರು ಪಟ್ಟಿ ಒಂದೇ.

ಕೋರ್ಟು ಆ ಕಾನೂನು ತೆಗೀತು. ಮದುವೆ ಹಕ್ಕು ಮಾತ್ರ ಕೊಡ್ಲಿಲ್ಲ. ಹೋದ ತಿಂಗಳು ಅದಕ್ಕೇ ಮದ್ದೂರಿನ ಹಳೇ ರೋಡಲ್ಲಿ ಕೂತ್ವಿ. ಅರ್ಧ ಗಂಟೆ ಆಗಿಲ್ಲ, ರೈತಸಂಘದ ಹಸಿರು ಟವಲ್ಲಿನ ಕೆಂಪಸಿದ್ದಯ್ಯ ಒಂದು ಟ್ರ್ಯಾಕ್ಟರ್ ಜನ ತುಂಬ್ಕಂಡು ಬಂದ. ಅಂಗಿ ಬಿಚ್ಚಿ ಸಾಲಾಗಿ ಮಲಗೇಬುಟ್ರು. ನಂಗೆ ಎಲ್ಲಿತ್ತೋ ಸಿಟ್ಟು!

"ಎದ್ದೋಗ್ರಲಾ! ಇದು ನೀರಿಗಲ್ಲ! ನಾನು ಇವಳನ್ನ ಮದುವೆ ಆಗ್ಬೇಕು, ಸರ್ಕಾರ ಬುಡ್ತಾ ಇಲ್ಲ!"

ಶಶಿ ತಲೆ ಬಗ್ಗಿಸಿದ್ಳು. ಕೆಂಪಸಿದ್ದಯ್ಯ ನಿಧಾನಕ್ಕೆ ಎದ್ದು ಕೂತ.

"ಯಾರು ಬುಡ್ತಾ ಇಲ್ಲ?"

"ಸರ್ಕಾರ."

"ಸರ್ಕಾರಾನಾ?" ಮುಖ ಕೆಂಪಗಾಯ್ತು ಅವನಿಗೆ. "ಎಸ್ರೇನಮ್ಮ ಈಯಮ್ಮಂದು?"

ಹೇಳ್ದೆ.

"ಮಲಗ್ರಲಾ ಎಲ್ಲಾ! ಬೇಕೇ ಬೇಕು!"

"ಸಸಿರೇಖಾ ಬೇಕು!"

"ಎಲ್ಲಿವರ್ಗೂ ಓರಾಟ?"

"ಸಸಿರೇಖಾ ಸಿಗೋವರ್ಗೂ ಓರಾಟ!"

ಲಾರಿಗಳು ಶಿಂಷಾ ಸೇತುವೆವರ್ಗೂ ನಿಂತ್ವು. ಒಬ್ಬ ಉರುಳುಸೇವೆ ಶುರು ಮಾಡ್ದ. ಬಸ್ಸಿನ ಕಿಟಕೀಲಿ ಒಂದು ಮುದುಕಿ, "ಅಯ್ಯೋ, ಯಾರ ಮನೆ ಮಗೀನ ಎತ್ತಾಕ್ಕಂಡೋದ್ರೋ" ಅಂತ ಕಣ್ಣೊರೆಸ್ಕಂಡ್ಳು. ಅಷ್ಟೊತ್ತಿಗೆ ಇನ್ಸ್‌ಪೆಕ್ಟರು ಓಡಿಬಂದು ವಾಕಿಟಾಕಿ ತೆಗೆದ್ರು.

"ಶಶಿರೇಖಾ ಯಾರು? ಯಾವತ್ತಿಂದ ಕಾಣ್ತಿಲ್ಲ? ವಯಸ್ಸೆಷ್ಟು, ಬಣ್ಣ ಯಾವುದು?"

ಶಶಿ ಎದ್ಳು. ಸೀರೆ ಧೂಳು ಒದರಿದ್ಳು. ಇನ್ನೇನು ದೂರದ ನೆಂಟ್ರು ಅಂತಾಳೆ ಅಂತ ನಾನು ಹಲ್ಲು ಕಚ್ಕಂಡು ಕೂತಿದ್ದೆ.

"ನಾನೇ ಕಣಪ್ಪ ಶಶಿರೇಖಾ. ಎಲ್ಲೂ ಕಾಣೆಯಾಗಿಲ್ಲ. ಮೂವತ್ತು ವರ್ಸದಿಂದ ಈ ಇಂದ್ರಮ್ಮನ ಹೆಂಡ್ತಿಯಾಗಿ ಇಲ್ಲೇ ಇದೀನಿ."

ನಾನು ನಡುರಸ್ತೇಲೇ ಓ ಅಂತ ಅತ್ತುಬುಟ್ಟೆ. ಶಶಿ ನನ್ನ ರಟ್ಟೆ ಹಿಡಿದು ಎಳೆದ್ಳು.

"ಏಳೇ, ಜನ ನೋಡ್ತಾವ್ರೆ."

"ನೋಡ್ಲಿ ಬುಡೇ" ಅಂದೆ.