ಪಿಳ್ಳಪ್ಪನ ಬೀರಂಗಡಿಯ ಪೀಪಾಯಿ

ನಾನು ಒಂದು ಪೀಪಾಯಿ. ಬಿಳಿಯರ ಕಾಲದಲ್ಲಿ ನಮ್ಮೂರ ಕೆರೆಯ ಅಂಚಿಗೆ ಒಂದು ಬೀರು ಕಾರ್ಖಾನೆ ಇತ್ತು. ಅದರ ಹಿತ್ತಲಲ್ಲಿ ಹುಟ್ಟಿದೆ. ಚೌರಪ್ಪ ಎಂಬ ಬಡಗಿ ಹಲಗೆಗಳನ್ನು ಕಾಯಿಸಿ ಬಗ್ಗಿಸಿ, ಸುತ್ತಲೂ ಕಬ್ಬಿಣದ ಪಟ್ಟಿ ತೊಡಿಸಿ, ಬಡಿದು ಬಡಿದು ನನಗೊಂದು ಹೊಟ್ಟೆ ಬರಿಸಿದ. ಅಂದಿನಿಂದ ನಿಂತಲ್ಲಿ ನಿಂತವನಲ್ಲ. ಕಾರ್ಖಾನೆಯಿಂದ ಎತ್ತಿನ ಗಾಡಿಗೆ, ಗಾಡಿಯಿಂದ ಅಂಗಡಿಗೆ, ಬರಿದಾದರೆ ಮತ್ತೆ ಕಾರ್ಖಾನೆಗೆ. ಉರುಳುವುದೇ ಕೆಲಸ.

ಹೆಚ್ಚಾಗಿ ನಾನು ಹೋಗುತ್ತಿದ್ದುದು ಪೇಟೆ ಬೀದಿಯ ಪಿಳ್ಳಪ್ಪನ ಬೀರಂಗಡಿಗೆ. ಪಿಳ್ಳಪ್ಪ ಎತ್ತರದ ಆಳು, ಮಾತು ಕಡಿಮೆ. ಊರಿಗೆಲ್ಲ ಬೀರು ಬಗ್ಗಿಸಿ ಕೊಟ್ಟರೂ ತಾನು ಒಂದು ಗುಟುಕು ಕುಡಿದವನಲ್ಲ. ಎದುರಿಗೇ ನಾಗಭೂಷಣ ಶೆಟ್ಟರ ಬಟ್ಟೆ ಅಂಗಡಿ. ಸೀರೆ ಕೊಳ್ಳಲು ಬರುವ ಹೆಂಗಸರು ಸಂಜೆಯಾದರೆ ಈ ಬೀದಿಗೆ ಕಾಲಿಡಲು ಹೆದರುತ್ತಾರೆ ಎಂಬುದು ಶೆಟ್ಟರ ದೂರು. ಅದು ಸುಳ್ಳೂ ಅಲ್ಲ.

ಒಂದು ಬೆಳಿಗ್ಗೆ ಶೆಟ್ಟರು ನಮ್ಮ ಹೊಸ್ತಿಲವರೆಗೆ ಬಂದರು. ಒಳಗೆ ಬರಲಿಲ್ಲ.

"ಪಿಳ್ಳಪ್ಪ, ನಿನ್ನ ಅಂಗಡಿ ಮುಚ್ಚಿಸಬೇಕು ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ದೀನಿ. ಮೊದಲನೇ ರುಜು ನಂದೇ. ಕದ್ದು ಮಾಡ್ದ ಅನ್ನಬಾರದು, ಅದಕ್ಕೇ ಹೇಳೋಕೆ ಬಂದೆ."

"ಹೇಳಿದ್ದು ಒಳ್ಳೇದಾಯ್ತು ಶೆಟ್ಟರೇ," ಎಂದು ಪಿಳ್ಳಪ್ಪ ಲೋಟ ತೊಳೆಯುವುದನ್ನು ಮುಂದುವರಿಸಿದ.

ಆ ವರ್ಷ ಬೇಸಿಗೆ ಬಿರುಸಾಗಿತ್ತು. ಕೆರೆ ದೂರ, ಬೀದಿಯ ಬಾವಿಯಲ್ಲಿ ಬರೀ ಕೆಸರು. ಒಂದು ಮಧ್ಯಾಹ್ನ ಶೆಟ್ಟರ ಅಂಗಡಿಯಲ್ಲಿ ಧೂಪದ ಕೆಂಡ ಹತ್ತಿಯ ಬಟ್ಟೆಯ ಮೇಲೆ ಬಿದ್ದು ಬೆಂಕಿ ಎದ್ದಿತು. ಮರದ ಮೆಟ್ಟಿಲಿಗೂ ಹತ್ತಿತು. ಮೇಲಿನ ಕೋಣೆಯಲ್ಲಿ ಅವರ ಆರು ವರ್ಷದ ಮಗಳು ರತ್ನಮಾಲಾ ಜ್ವರದಲ್ಲಿ ಮಲಗಿದ್ದಳು. ಶೆಟ್ಟರು ಮೆಟ್ಟಿಲ ಕಡೆಗೆ ನುಗ್ಗುತ್ತಿದ್ದರು, ಜನ ಹಿಡಿದುಕೊಂಡಿದ್ದರು. ನೀರಿಗಾಗಿ ಕೊಡ ಹಿಡಿದು ಓಡಿದವರು ಬರಿಗೊಡದಲ್ಲೇ ವಾಪಸಾದರು.

ಪಿಳ್ಳಪ್ಪ ಯಾರನ್ನೂ ಏನೂ ಕೇಳಲಿಲ್ಲ. ಆ ದಿನವಷ್ಟೇ ತುಂಬಿ ಬಂದಿದ್ದ ಒಂಬತ್ತು ಪೀಪಾಯಿಗಳನ್ನು ಒಂದೊಂದಾಗಿ ಬೀದಿಗೆ ಉರುಳಿಸಿದ. ನನ್ನ ಮುಚ್ಚಳವನ್ನು ಕೊಡಲಿಯಿಂದ ಒಡೆದ. ಜನ ಬಕೆಟ್ಟುಗಳಲ್ಲಿ ತೋಡಿ ತೋಡಿ ಮೆಟ್ಟಿಲ ಮೇಲೆ ಎರಚಿದರು. ಅವನು ಒಂದು ಗೋಣಿಯನ್ನು ನನ್ನೊಳಗೆ ಅದ್ದಿ, ಹೊದ್ದುಕೊಂಡು, ಹೊಗೆಯೊಳಗೆ ಹತ್ತಿಹೋದ. ಇಳಿದು ಬಂದಾಗ ಮಗು ಅವನ ಹೆಗಲ ಮೇಲೆ ಕೆಮ್ಮುತ್ತಿತ್ತು. ಅವನ ಬಲಗೈ ಮೊಣಕೈವರೆಗೆ ಸುಟ್ಟಿತ್ತು.

ಮರುವಾರ ಶೆಟ್ಟರು ಮತ್ತೆ ಬಂದರು. ಈ ಸಲ ಹೊಸ್ತಿಲು ದಾಟಿ ಒಳಗೆ ಬಂದು, ಕೈಮುಗಿದು ನಿಂತರು.

"ಅರ್ಜಿ ವಾಪಸು ತಗೋ ಅಂತಾರೆ ಎಲ್ಲರೂ. ನನ್ನ ಕೈಲಿ ಆಗ್ತಿಲ್ಲ ಪಿಳ್ಳಪ್ಪ. ಮಗೂನ ಉಳಿಸಿದ್ದು ನೀನು. ಆದರೆ ಅಂಗಡಿ ವಿಷಯದಲ್ಲಿ ನಾನು ಅಂದುಕೊಂಡಿದ್ದು ಬದಲಾಗಿಲ್ಲ."

"ವಾಪಸು ತಗೊಳ್ಳಿ ಅಂತ ನಾನು ಕೇಳಿದ್ನಾ?" ಎಂದ ಪಿಳ್ಳಪ್ಪ.

ಮೂರು ತಿಂಗಳಲ್ಲಿ ಆಜ್ಞೆ ಬಂತು, ಬೀರಂಗಡಿ ಮುಚ್ಚಿತು. ತಮ್ಮ ಅಂಗಡಿಯ ಪಕ್ಕದ ಕೋಣೆ ಕೊಡುತ್ತೇನೆ, ಸೋಡಾ ಅಂಗಡಿ ಇಡು ಎಂದರು ಶೆಟ್ಟರು. ಅವನು ಒಪ್ಪಲಿಲ್ಲ. ಊರು ಬಿಡುವ ದಿನ ನನ್ನನ್ನು ಅವರ ಬಾಗಿಲಿಗೆ ಉರುಳಿಸಿ ತಂದು, "ನೀರು ತುಂಬಿಸಿಡಿ ಶೆಟ್ಟರೇ. ಇನ್ನೊಂದು ಸಲಕ್ಕೆ ನಾನಿರಲ್ಲ," ಎಂದು ಹೇಳಿ ರೈಲು ಹತ್ತಿದ.

ಶೆಟ್ಟರು ಬದುಕಿದ್ದಷ್ಟು ಕಾಲ ತಾವೇ ನನಗೆ ನೀರು ಹೊಯ್ದರು. ಆಗೆಲ್ಲ ಅವರ ಮುಖ ನನ್ನೊಳಗೆ ಕಾಣುತ್ತಿತ್ತು. ನೆಮ್ಮದಿಯ ಮುಖವಲ್ಲ ಅದು. ಆ ಕಳವಳ ನನಗೂ ಅಂಟಿತು. ಇಬ್ಬರಲ್ಲಿ ತಪ್ಪು ಯಾರದು ಎಂದು ನಾನು ಎಷ್ಟು ವರ್ಷ ಯೋಚಿಸಿದೆನೋ. ಈ ನಡುವೆ ಬೀರು ಕಾರ್ಖಾನೆ ಮುಚ್ಚಿ ಗೋದಾಮಾಯಿತು. ಬಟ್ಟೆ ಅಂಗಡಿ ಪಾತ್ರೆ ಅಂಗಡಿಯಾಯಿತು, ಆಮೇಲೆ ಮೊಬೈಲ್ ಅಂಗಡಿ. ನಾನು ಗಾರೆ ಕೆಲಸದವರ ಬಳಿ ಸುಣ್ಣ ಕಲಸಿಸಿಕೊಂಡೆ, ನರ್ಸರಿಯಲ್ಲಿ ಗೊಬ್ಬರ ಹೊತ್ತೆ, ಕೊನೆಗೆ ಗುಜರಿ ಸೇರಿದೆ. ಅಲ್ಲಿಂದ, ಅಂಚಿನ ಕೊಡಲಿ ಏಟು ನೋಡಿ, ನನ್ನನ್ನು ಗುರುತು ಹಿಡಿದು ಬಿಡಿಸಿಕೊಂಡು ಬಂದದ್ದು ಎಂಬತ್ತು ದಾಟಿದ ರತ್ನಮಾಲಾ.

ಈಗ ನಾನು ಊರ ಗ್ರಂಥಾಲಯದ ಜಗಲಿಯಲ್ಲಿದ್ದೇನೆ. ಭಾನುವಾರ ರತ್ನಮಾಲಾ ಮತ್ತು ಇತರ ಹಿರಿಯರು ಸೇರಿ ಇಲ್ಲದ ಅಂಗಡಿಗಳ ಮಾತಾಡುತ್ತಾರೆ. ಮೊನ್ನೆ ನಿವೃತ್ತ ಮೇಷ್ಟ್ರು ಹನುಮಂತರಾಯರು, "ನಿಮ್ಮ ತಂದೆ ಆ ಅರ್ಜಿ ವಾಪಸು ತಗೋಬೇಕಾಗಿತ್ತು ತಾಯಿ," ಎಂದುಬಿಟ್ಟರು.

ರತ್ನಮಾಲಾ ನನ್ನ ಅಂಚಿನ ಮೇಲೆ ಕೈಯಿಟ್ಟರು. "ಮದುವೆಯಾದ ಮೇಲೆ ನಾನು ಪಿಳ್ಳಪ್ಪನವರನ್ನ ಹುಡುಕಿಕೊಂಡು ಹೋಗಿದ್ದೆ. ಜೋಲಾರಪೇಟೆ ಸ್ಟೇಷನ್ನಿನಲ್ಲಿ ಟೀ ಮಾರ್ತಿದ್ರು. ನಮ್ಮಪ್ಪನ ಮೇಲೆ ಸಿಟ್ಟಿದೆಯಾ ಅಂತ ಕೇಳ್ದೆ. 'ಅರ್ಜಿ ವಾಪಸು ತಗೊಂಡಿದ್ರೆ ಸಿಟ್ಟು ಬರ್ತಿತ್ತು ಕಣವ್ವ. ನಿನ್ನ ಎತ್ಕೊಂಡು ಬಂದಿದ್ದು ವ್ಯಾಪಾರ ಆಗೋಗ್ತಿತ್ತು' ಅಂದ್ರು. ಟೀ ಕೊಟ್ಟ ಕೈ ಮಾತ್ರ ಆ ಸುಟ್ಟ ಕೈ."

ಆಮೇಲೆ ಪಿಳ್ಳಪ್ಪನ ಅಂಗಡಿ ಇದ್ದ ಜಾಗ ನೋಡೋಣ ಎಂದು ಎಲ್ಲರೂ ಬೀದಿಗಿಳಿದರು. "ಇಲ್ಲೇ," ಎನ್ನುತ್ತಿದ್ದರು ಒಬ್ಬರು. "ಅಲ್ಲ, ಇನ್ನೂ ಎರಡು ಬಾಗಿಲು ಮುಂದೆ," ಎನ್ನುತ್ತಿದ್ದರು ಮೇಷ್ಟ್ರು. ಇಬ್ಬರೂ ತಪ್ಪು. ಅದು ಮೂಲೆಯಲ್ಲಿತ್ತು, ಈಗ ಔಷಧಿ ಅಂಗಡಿ ಇರುವಲ್ಲಿ. ನನಗೆ ಗೊತ್ತು. ಅವರ ದನಿ ಬೀದಿಯುದ್ದಕ್ಕೂ ದೂರ ದೂರ ಹೋಗುತ್ತಿದ್ದರೆ, ನಾನು ಜಗಲಿಯಲ್ಲಿ ಚಡಪಡಿಸುತ್ತಿದ್ದೆ.